ಕುಲಾಯಿ ಹಿಡಿದ ಸೀಟು

ಸಿಟ್ಟಿಗೆದ್ದು ನಾನು ಬಿಟ್ಟದ್ದು ಒಂದೆರಡಲ್ಲ. ಒಮ್ಮೆ ಚಹಾ ಬಿಟ್ಟೆ, ಒಮ್ಮೆ ಸಕ್ಕರೆ ಬಿಟ್ಟೆ, ಮದುವೆಯಾದ ಹೊಸದರಲ್ಲಿ ಮೂರು ದಿನ ಗಂಡನ ಜೊತೆ ಮಾತೇ ಬಿಟ್ಟೆ. ಆ ಮೂರು ದಿನದಷ್ಟು ಆರಾಮ ಮುಂದೆ ಎಂದೂ ಸಿಗಲಿಲ್ಲ ಎಂದು ಅವರು ಈಗಲೂ ಮಂದಿಯ ಮುಂದೆ ಹೇಳುತ್ತಾರೆ. ಬಿಟ್ಟದ್ದೆಲ್ಲ ಒಂದೊಂದಾಗಿ ತಿರುಗಿ ಬಂದಿದೆ. ಸ್ಕೂಟರ್ ಬಿಟ್ಟ ಕತೆ ಮಾತ್ರ ಬೇರೆ.

ಅದಕ್ಕೆ ಕಾರಣ ಒಂದು ಭಾಷಣ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಮಂದಿಗೆಲ್ಲ ಬಾಯಾರು, ಅಂದರೆ ಟೀಚರು. ಬಾಯಿ ದೊಡ್ಡದು, ಮೈಕ್ ಬೇಡ ಎಂಬ ಕೀರ್ತಿ ತಾಲೂಕಿನಲ್ಲೆಲ್ಲ ಇದೆ. ನವಲಗುಂದದಲ್ಲಿ ಪರಿಸರದ ಕಾರ್ಯಕ್ರಮ ಇಟ್ಟುಕೊಂಡವರು ನನ್ನನ್ನು ಕರೆದರು. ನಾನೂ ಬಿಡಲಿಲ್ಲ. "ಕಾಲಿದ್ದವರು ನಡೆಯಿರಿ, ಸೈಕಲ್ಲಿದ್ದವರು ತುಳಿಯಿರಿ, ಎರಡೂ ಆಗದವರು ಬಸ್ ಹತ್ತಿರಿ, ಭೂಮಿತಾಯಿಗೆ ಹೊಗೆ ಹಾಕಬೇಡಿರಿ" ಎಂದು ಅರ್ಧ ತಾಸು ಗುಡುಗಿದೆ. ಚಪ್ಪಾಳೆ ಬಿದ್ದವು, ಶಾಲು ಹೊದಿಸಿದರು. ಅದೇ ಶಾಲು ಹೊದ್ದು ಹೊರಗೆ ಬಂದು ನನ್ನ ಸ್ಕೂಟರ್ ಚಾಲೂ ಮಾಡಲು ಹೋದೆ. ಆಗಲಿಲ್ಲ. ಗುಂಡಿ ಒತ್ತಿದೆ, ಕಿಕ್ ಹೊಡೆದೆ, ಮತ್ತೆ ಹೊಡೆದೆ. ಚಪ್ಪಾಳೆ ತಟ್ಟಿದ ಮಂದಿಯೆಲ್ಲ ಹೊರಗೆ ಬಂದು ನಿಂತು ನೋಡತೊಡಗಿದರು.

ಅವರಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ತಮ್ಮ ಹಳೆಯ ಸೈಕಲ್ ಹಿಡಿದು ನಿಂತಿದ್ದರು. ಹೆಗಲ ಮೇಲೆ ಕೆಂಪಂಚಿನ ಟವಲ್. ಬಹಳ ಮರ್ಯಾದೆಯಿಂದ ಹೇಳಿದರು:

"ಬಾಯಾರ, ಭಾಷಣ ಅಗದಿ ಜೋರ್ ಆತ್ ನೋಡ್ರಿ. ನಮಗ ತಿಳೀತೋ ಇಲ್ಲೋ, ಗಾಡಿಗಂತೂ ತಿಳದೈತಿ. ಚಾಲೂನ ಆಗವಲ್ದು."

ಮಂದಿ ಹೋ ಎಂದು ನಕ್ಕಿತು. ಹೇಳೋದು ಶಾಸ್ತ್ರ ತಿನ್ನೋದು ಬದನೆಕಾಯಿ ಎಂದು ಹಿಂದಿನಿಂದ ಯಾರೋ ಗೊಣಗಿದ್ದೂ ಕೇಳಿಸಿತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯ ಮೇಲೆ ಇರುವಂಥದ್ದು. "ನೋಡ್ರಿ ಕಾಕಾ, ಬರೂ ಯುಗಾದಿತನಕ ಈ ಗಾಡಿ ಮುಟ್ಟಿದ್ರ ಕೇಳ್ರಿ. ಕಾರೂ ಹತ್ತೂದಿಲ್ಲ" ಎಂದುಬಿಟ್ಟೆ. ಕಾರಿನ ಮಾತು ಯಾರೂ ಎತ್ತಿರಲಿಲ್ಲ. ನನ್ನ ಬಾಯಿಗೆ ಬ್ರೇಕ್ ಇಲ್ಲ, ಅಷ್ಟೆ. ಯುಗಾದಿಗೆ ಇನ್ನೂ ಒಂಬತ್ತು ತಿಂಗಳಿತ್ತು.

ಸ್ಕೂಟರನ್ನು ಮರುದಿನ ಗಂಡ ಹೋಗಿ ಶಲವಡಿಯ ನಮ್ಮ ಮನೆಗೆ ತಂದರು. ಹಿತ್ತಲಲ್ಲಿ ನಿಲ್ಲಿಸಿ ತಾಡಪಾಲು ಹೊದಿಸಿ, ಮೇಲೊಂದು ದಾಸವಾಳ ಇಟ್ಟರು. "ಪುಣ್ಯಾತ್ಮ ಭಾಳ ದುಡದಿತ್ತು" ಅಂದರು. ತಿಂಗಳೊಪ್ಪತ್ತಿನಲ್ಲಿ ಬಾಜು ಮನೆಯ ಬೆಕ್ಕು ಆ ತಾಡಪಾಲಿನೊಳಗೆ, ಕಾಲಿಡುವ ಜಾಗದಲ್ಲಿ, ಮೂರು ಮರಿ ಹಾಕಿತು. ಇನ್ನು ಮನಸ್ಸು ಬದಲಿಸಿದರೂ ಗಾಡಿ ತೆಗೆಯುವಂತಿರಲಿಲ್ಲ.

ನನ್ನ ಶಾಲೆ ನಮ್ಮೂರಿನಿಂದ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಲ್ಲಿದೆ. ಮೊದಲು ಗಂಡನ ಹಳೆಯ ಸೈಕಲ್ಲಿಗೆ ಎಣ್ಣೆ ಬಿಟ್ಟು ಹತ್ತಿದೆ. ಎಂಟು ದಿನ ರಾಣಿಯಂತೆ ಹೋದೆ. ಒಂಬತ್ತನೆಯ ದಿನ ಮಳೆ ಬಂತು. ನಮ್ಮದು ಎರೆಮಣ್ಣಿನ ಸೀಮೆ. ಆ ಮಣ್ಣು ಒಣಗಿದಾಗ ಕಲ್ಲು, ಹಸಿಯಾದಾಗ ಹಾಲುಗಡುಬಿನ ಕಣಕ. ನಾನೋ ದೊಡ್ಡ ಜಾಣೆ, ಡಾಂಬರು ಬಿಟ್ಟು ಹೊಲದ ಒಳದಾರಿ ಹಿಡಿದಿದ್ದೆ. ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಸೈಕಲ್ ಬೇರು ಬಿಟ್ಟಂತೆ ನಿಂತಿತು. ಕಡ್ಡಿಯಿಂದ ಕೆದರಿದೆ, ಕೈಯಿಂದ ಬಳಿದೆ, ಕೊನೆಗೆ ಹೆಗಲ ಮೇಲೆ ಹೊತ್ತೆ. ಎದುರಿಗೆ ಕುರಿ ಕಾಯುವವನೊಬ್ಬ ಕಂಬಳಿ ಹೊದ್ದು ಬರುತ್ತಿದ್ದ. ನಿಂತು ನನ್ನನ್ನೂ ಸೈಕಲ್ಲನ್ನೂ ನೋಡಿದ.

"ಯಾಕ್ರಿ ಬಾಯಾರ, ಅದಕ್ಕ ಕಾಲ ನೋಯಾಕ್ಹತ್ತ್ಯಾವೇನು?" ಎಂದ.

ಮಳೆಗಾಲ ಮುಗಿಯುವ ತನಕ ಬಸ್ಸು, ಟಂಟಂ, ಅವೂ ಇಲ್ಲದ ದಿನ ಕಾಲು. ಟಂಟಂ ಎಂದರೆ ಮೂರು ಗಾಲಿಯ ಸಣ್ಣ ಗಾಡಿ. ಅದು ತುಂಬಿತು ಎಂಬ ಮಾತನ್ನು ಯಾವ ಡ್ರೈವರನ ಬಾಯಲ್ಲೂ ನಾನು ಕೇಳಿಲ್ಲ. "ಇನ್ನೊಬ್ಬರು ಬರ್ರಿ, ಸರೀರಿ, ಸರೀರಿ" ಅನ್ನುತ್ತ, ಕೊನೆಗೆ ತಾನೇ ಅರ್ಧ ಹೊರಗೆ ಕುಳಿತು ನಡೆಸುತ್ತಾನೆ. ಕಾಲ್ನಡಿಗೆಯಲ್ಲಿ ಒಂದು ಲಾಭ ಆಯಿತು. ಹದಿನಾಲ್ಕು ವರ್ಷ ಸ್ಕೂಟರ್ ಮೇಲೆ ಓಡಾಡಿದ ಹಾದಿಯಲ್ಲಿ ಯಾರ ಹೊಲದಲ್ಲಿ ಏನು ಬಿತ್ತಿದ್ದಾರೆ, ಯಾರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮೂರು ತಿಂಗಳಲ್ಲಿ ಎಲ್ಲ ಗೊತ್ತಾಯಿತು.

ಬಸ್ಸಿನದು ಮಾತ್ರ ಬೇರೆಯೇ ವಿದ್ಯೆ. ಹೆಣ್ಣುಮಕ್ಕಳಿಗೆ ಪುಕ್ಕಟೆ ಆದಾಗಿನಿಂದ ನಮ್ಮ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಏನಾದರೂ ತೂರಿಸಿ ಸೀಟು ಹಿಡಿಯಬೇಕು. ಇದಕ್ಕೆ ಟವಲ್ ಹಾಕುವುದು ಎನ್ನುತ್ತಾರೆ. ಟವಲೇ ಆಗಬೇಕೆಂದಿಲ್ಲ. ಕರ್ಚೀಪು ನಡೆಯುತ್ತದೆ, ಚೀಲ ನಡೆಯುತ್ತದೆ, ಒಮ್ಮೆ ಒಬ್ಬಾಕೆ ಒಂದು ಬದನೆಕಾಯಿ ಇಟ್ಟು ಸೀಟು ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ವಿಚಿತ್ರ ಎಂದರೆ ಜಗತ್ತಿನ ಯಾವ ಕಾಯಿದೆಗೂ ಬಗ್ಗದ ನಮ್ಮ ಮಂದಿ ಈ ಕಾಯಿದೆಗೆ ಬಗ್ಗುತ್ತಾರೆ. ಹೊಲದ ಬದುವನ್ನು ಗೇಣು ಸರಿಸುವವನೂ ಸೀಟಿನ ಮೇಲಿನ ಟವಲ್ ಸರಿಸುವುದಿಲ್ಲ. "ಯಾರೋ ಹಾಕ್ಯಾರ, ಬರ್ತಾರ" ಎಂದು ನಿಂತೇ ಹೋಗುತ್ತಾನೆ.

ಹೀಗೆ ನಾನು ಟವಲ್ ಹಾಕುವುದರಲ್ಲಿ ಪಳಗುತ್ತಿರುವಾಗ ತಮ್ಮನ ಹೆಂಡತಿ ಹೆಣ್ಣುಕೂಸು ಹೆತ್ತಳು.

ನಮಗೆ ಇರುವವನು ಒಬ್ಬನೇ ತಮ್ಮ. ಮದುವೆಯಾಗಿ ಏಳು ವರ್ಷದ ಮೇಲೆ ಹುಟ್ಟಿದ ಕೂಸು. ಹೆಸರಿಡುವುದು ತಮ್ಮನ ಹೆಂಡತಿಯ ತವರು ಗುಡಗೇರಿಯಲ್ಲಿ. ನಮ್ಮ ಕಡೆ ಕೂಸಿಗೆ ಹೆಸರು ಕರೆಯುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ. ತೊಟ್ಟಿಲ ಬಾಜು ಮಣೆಯ ಮೇಲೆ ಕುಳಿತು ಕೂಸಿನ ಕಿವಿಯಲ್ಲಿ ಕುರ್ ಎಂದು ಹೆಸರು ಉಸುರಬೇಕು. ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರೆ. ಯಾಕೆಂದು ಕೇಳಿದರೆ ಯಾರೂ ಹೇಳುವುದಿಲ್ಲ, ಗುದ್ದುವುದನ್ನು ಮಾತ್ರ ಯಾರೂ ಬಿಡುವುದಿಲ್ಲ.

ನನಗೆ ಆ ಗುದ್ದು ತಿನ್ನುವ ಆಸೆ ಏಳು ವರ್ಷದಿಂದ ಇತ್ತು. ಅದಕ್ಕಿಂತ ದೊಡ್ಡ ಆಸೆ ಕೂಸಿಗೆ ನಮ್ಮವ್ವನ ಹೆಸರು ಇಡಬೇಕೆಂಬುದು. ತಮ್ಮನ ಹೆಂಡತಿಗೆ ಅದು ಬೇಡವಾಗಿತ್ತು. ಎರಡಕ್ಷರದ ಯಾವುದೋ ಹೊಸ ಹೆಸರು ಅವಳ ಮನಸ್ಸಿನಲ್ಲಿತ್ತು. ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು. "ಅಕ್ಕಾರ, ಆ ಹೆಸರು ಭಾಳ ಹಳೇದಾತ್ರಿ" ಅಂದಳು. "ನಮ್ಮವ್ವ ಹಳೇಕಿ ಆಗಿದ್ಲು, ಹೆಸರೂ ಹಳೇದ ಐತಿ, ಏನೀಗ?" ಎಂದು ಫೋನ್ ಕುಕ್ಕಿದೆ. ಆಮೇಲೆ ತಮ್ಮ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಂಡ.

"ಹೆಸರು ಕರಿಯಾಕಿ ನೀನ, ನೀ ಏನ್ ಕರೀತಿ ಅದ ಆತು. ಆದ್ರ ಹನ್ನೆರಡೂವರಿ ಮುಹೂರ್ತ. ತಪ್ಪಿಸಿದಿ ಅಂದ್ರ ನಮ್ಮ ಕಾಕಾನ ಮಗಳನ್ನ ಕುಂದ್ರಸ್ತಾರ. ಆಕಿ ಇವಳು ಹೇಳಿದ ಹೆಸರ ಹೇಳ್ತಾಳ. ಅದೊಂದ ದಿನ ಕಾರ್ ಮಾಡ್ಕೊಂಡ್ ಬಾರಬೇ" ಎಂದ.

"ಯುಗಾದಿತನಕ ಇಲ್ಲಂದ್ರ ಇಲ್ಲ. ಎಲ್ಲಾರಿಗಿಂತ ಮೊದಲ ಬಂದಿರ್ತೀನಿ, ನೋಡ್ತಿರು" ಎಂದೆ.

ಇನ್ನೊಂದು ವಸ್ತುವಿನ ಬಗ್ಗೆ ಹೇಳಬೇಕು. ನಮ್ಮವ್ವ ತೀರಿಕೊಳ್ಳುವ ಮುಂಚಿನ ವರ್ಷ, ತಮ್ಮನಿಗೆ ಇನ್ನೂ ಹುಡುಗಿಯನ್ನೂ ನೋಡಿರಲಿಲ್ಲ, ಆಗ ಒಂದು ಖಣದ ತುಂಡಿನಲ್ಲಿ ಅಂಗೈಯಗಲದ ಕುಲಾಯಿ ಹೊಲಿದಿಟ್ಟಿದ್ದಳು. ಹಸಿರು ಖಣ, ಕೆಂಪು ದಡಿ, ಕಟ್ಟಲು ಎರಡು ಲಾಡಿ. ತಮ್ಮ ಹೊಟ್ಟೆ ಹಿಡಿದು ನಕ್ಕಿದ್ದ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಅಂತ ಗಾದಿ ಕೇಳಿದ್ದೆ, ಇವತ್ತ ಕಣ್ಣಿಲೆ ನೋಡಿದೆ ನೋಡಬೇ ಅವ್ವಾ!" ಎಂದಿದ್ದ. ಅವ್ವ ಸೂಜಿ ಬಾಯಲ್ಲಿ ಕಚ್ಚಿಕೊಂಡೇ, "ನಗ್ರಿ, ನಗ್ರಿ. ಬರೂದು ಬರತೈತಿ. ಬಂದಾಗ ತಲಿ ಬರೇದಿರಬಾರ್ದು" ಅಂದಿದ್ದಳು. ಆ ಕುಲಾಯಿ ಎಂಟು ವರ್ಷ ನನ್ನ ಟ್ರಂಕಿನಲ್ಲಿ ಅವ್ವನದೇ ಒಂದು ಸಣ್ಣ ಜಮಖಾನದೊಳಗೆ ಸುತ್ತಿ ಮಲಗಿತ್ತು.

ಆ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹತ್ತಿ ಬಿಡಿಸಲು ಆಳು ಬಂದಿದ್ದರಿಂದ ಗಂಡ ಸಂಜೆಗೆ ಬರುವವರಿದ್ದರು. ನನ್ನ ಲೆಕ್ಕ ಸರಳ: ಶಲವಡಿಯಿಂದ ನವಲಗುಂದ, ನವಲಗುಂದದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಗುಡಗೇರಿಗೆ ರೈಲು. ಹನ್ನೆರಡಕ್ಕೆ ಮೊದಲೇ ಮಣೆಯ ಮೇಲೆ ಇರಬಹುದಿತ್ತು. ಬಗಲಲ್ಲಿ ಜಮಖಾನದ ಸುರುಳಿ, ಅದರ ಬಾಯಿಯಿಂದ ಕುಲಾಯಿಯ ಕೆಂಪು ಲಾಡಿ ಇಣುಕುತ್ತಿತ್ತು.

ನವಲಗುಂದ ಸ್ಟ್ಯಾಂಡಿನಲ್ಲಿ ಎರಡು ಕೆಂಪು ಬಸ್ಸು ಬಾಜೂಬಾಜು ನಿಂತಿದ್ದವು. ಎರಡರ ಮೇಲೂ ಹುಬ್ಬಳ್ಳಿ ಎಂದೇ ಬೋರ್ಡು. ಒಂದು ನೇರ ಹೋಗುವುದು, ಇನ್ನೊಂದು ಹಳ್ಳಿಹಳ್ಳಿ ಸುತ್ತಿ, ಮಧ್ಯಾಹ್ನದ ಊಟಕ್ಕೆ ಮುಟ್ಟಿಸುವುದು. ನೇರ ಬಸ್ಸಿಗೆ ಮಂದಿ ಮುಗಿಬಿದ್ದಿತ್ತು. ನಾನು ಎರಡೂ ಬಸ್ಸುಗಳ ನಡುವಿನ ಸಂದಿಯಲ್ಲಿ ನುಗ್ಗಿ, ಮೂರನೆಯ ಕಿಟಕಿಯಲ್ಲಿ ಖಾಲಿ ಸೀಟು ನೋಡಿ, ಕೈಯಲ್ಲಿದ್ದ ಜಮಖಾನದ ಸುರುಳಿಯನ್ನೇ ಒಳಗೆ ತೂರಿಸಿದೆ. ಮೂರು ತಿಂಗಳ ತಾಲೀಮು, ಗುರಿ ತಪ್ಪಲಿಲ್ಲ. ಆಮೇಲೆ ಸುತ್ತು ಹಾಕಿ ಬಾಗಿಲಿಗೆ ಬಂದು, ಮೊಣಕೈ ಆಡಿಸುತ್ತ ಮೇಲೆ ಹತ್ತಿದೆ.

ನನ್ನ ಸೀಟಿನಲ್ಲಿ ಒಬ್ಬರು ಕುಳಿತಿದ್ದರು!

"ಏಳ್ರಿ, ನನ್ನ ಸೀಟದು" ಎಂದೆ. "ಜಮಖಾನಿ ಎಲ್ಲಿಟ್ರಿ? ತೆಗದು ಎಲ್ಲಿಟ್ರಿ ಹೇಳ್ರಿ!"

"ಯಾವ ಜಮಖಾನಿರಿ ಬಾಯಾರ? ನಾ ಟವಲ್ ಹಾಕಿ ಕುಂತೀನಿ, ನೋಡ್ರಿ" ಎಂದು ಅವರು ಟವಲ್ ಎತ್ತಿ ತೋರಿಸಿದರು. ಕೆಂಪಂಚಿನ ಟವಲ್. ಮೇಲೆ ಬಿಳಿ ಟೋಪಿ. ನನ್ನ ಗ್ರಹಚಾರ, ಅದೇ ಹಿರಿಯರು.

"ಟವಲ್ ನಿಮ್ದಿರಬಹುದ್ರಿ. ಆದ್ರ ಜಮಖಾನಿ ನಂದು. ಇದ ಕಿಟಕ್ಯಾಗ ಹಾಕೀನಿ. ಹಿರೇರಾಗಿ ಸುಳ್ಳ ಹೇಳಬ್ಯಾಡ್ರಿ!"

ಇಡೀ ಬಸ್ಸು ಪಂಚಾಯಿತಿಗೆ ಕೂತಿತು. ಒಬ್ಬಾಕೆ ಸೀಟಿನ ಕೆಳಗೆ ಬಗ್ಗಿ ನೋಡಿದಳು. ಇನ್ನೊಬ್ಬ, ಅಜ್ಜನ ಮುಖ ನೋಡಿದರೆ ಕದಿಯುವವರಂತೆ ಕಾಣುವುದಿಲ್ಲ ಎಂದು ತೀರ್ಪು ಕೊಟ್ಟ. ನಾನು ಒದರುತ್ತಲೇ ಇದ್ದೆ. ಅಷ್ಟರಲ್ಲಿ ಹಿಂದಿನ ಸೀಟಿನ ಹೆಣ್ಣುಮಗಳು ಕಿಟಕಿಯ ಹೊರಗೆ ಬೆರಳು ಮಾಡಿದಳು.

"ಅಕ್ಕಾರ, ನಿಮ್ಮ ಜಮಖಾನಿ ಅಲ್ಲಿ ಹೊಂಟಿರೋದಲ್ಲೇನ್ರಿ?"

ಬಾಜುವಿನ ಬಸ್ಸು ಹೊಗೆ ಬಿಟ್ಟು ಹೊರಟಿತ್ತು. ಅದರ ಮೂರನೆಯ ಕಿಟಕಿಯಲ್ಲಿ ನಮ್ಮವ್ವನ ಜಮಖಾನ ಒಂದು ಸೀಟು ಹಿಡಿದು ಆರಾಮವಾಗಿ ಕುಳಿತಿತ್ತು. ಸಂದಿಯಲ್ಲಿ ನಿಂತವಳು ಎಡಕ್ಕೆ ತೂರಿಸಿ ಬಲಗಡೆಯ ಬಸ್ಸು ಹತ್ತಿದ್ದೆ.

"ನಿಂದ್ರಸ್ರೀ!" ಎಂದು ಕೂಗಿದೆ. ಮೈಕ್ ಬೇಡದ ಬಾಯಿ ಅಂದು ಕೆಲಸಕ್ಕೆ ಬರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಬಿಳಿ ಟೋಪಿಯವರು ಎದ್ದು ಟವಲ್ ಝಾಡಿಸಿ, "ಕುಂದರ್ರಿ ಬಾಯಾರ" ಎಂದರು. ಸುಳ್ಳುಗಾರ ಎನ್ನಿಸಿಕೊಂಡ ಮನುಷ್ಯ ತನ್ನ ಸೀಟು ಕೊಟ್ಟು ಹುಬ್ಬಳ್ಳಿಯ ತನಕ ನಿಂತು ಬಂದರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಕಂಡಕ್ಟರ್ ಒಳ್ಳೆಯವನು. ಆ ಬಸ್ಸಿನ ಕಂಡಕ್ಟರನಿಗೆ ಫೋನ್ ಹಚ್ಚಿದ. ಬಹಳ ಹೊತ್ತು ಹ್ಞೂಂ ಹ್ಞೂಂ ಎಂದು, ನಕ್ಕು, ನನ್ನ ಕಡೆ ತಿರುಗಿದ.

"ಇಟ್ಟಲ್ಲೇ ಐತಂತ್ರಿ, ಚಿಂತೀ ಮಾಡಬ್ಯಾಡ್ರಿ. ಬಾಜೂಕ ಒಬ್ಬಾಕಿ ಮುದುಕಿ ಕುಂತಾಳಂತ. ಕೂಸಿನ ತಾಯಿ ಬರ್ತಾಳ, ಯಾರೂ ಕುಂದ್ರಬ್ಯಾಡ್ರಿ ಅಂತ ಒಬ್ಬರನೂ ಹತ್ತರ ಬಿಡವಲ್ಲಳಂತ. ನಿಂತ ಮಂದಿ ಎಲ್ಲಾ ಆ ಕಂಡಕ್ಟರಗ ಬೈಯಾಕ್ಹತ್ತೈತಂತ."

"ಹುಬ್ಬಳ್ಳಿಗೆ ಎಷ್ಟೊತ್ತಿಗೆ ಬರತೈತ್ರಿ ಅದು?"

"ನಮ್ಮದಕಿಂತ ತಾಸೂವರಿ ತಡಾ ಆಗತೈತ್ರಿ."

ಒಂದೂವರೆ ತಾಸು ಕಾದರೆ ರೈಲು ತಪ್ಪುತ್ತಿತ್ತು. ಹುಬ್ಬಳ್ಳಿಯಲ್ಲಿ ಇಳಿದು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತೆ. ಸ್ಟೇಶನ್ನಿಗೆ ಓಡಿದರೆ ರೈಲು ಸಿಗುತ್ತಿತ್ತು. ಹೊತ್ತಿಗೆ ಸರಿಯಾಗಿ ಹೋಗಿ, ಮಣೆಯ ಮೇಲೆ ಕುಳಿತು, ಅವ್ವನ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಿ ಗೆಲ್ಲಬಹುದಿತ್ತು. ಕುಲಾಯಿ ಆಮೇಲೆ ಬಂದರೆ ಬರಲಿ, ಕಳೆದರೆ ಕಳೆಯಲಿ. ಇಲ್ಲವೇ ಕುಲಾಯಿಗಾಗಿ ಕಾದು, ಹೆಸರು ಕರೆಯುವ ಮಣೆಯನ್ನು ಕಾಕಾನ ಮಗಳಿಗೆ ಬಿಟ್ಟುಕೊಡಬೇಕು. ತಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ, "ನಾ ಮೊದಲ ಬಡಕೊಂಡೆ, ಕಾರ್ ಮಾಡ್ಕೊಂಡ್ ಬಾ ಅಂತ" ಎಂದು ಶುರು ಮಾಡಿದ. ನನ್ನದು ಗೊತ್ತೇ ಇದೆಯಲ್ಲ. "ಕುಂದ್ರಸ್ಕೊಳ್ರಿ ಯಾರನ್ನರ!" ಎಂದು ಕೂಗಿ ಫೋನ್ ಬಂದ್ ಮಾಡಿ ಚೀಲದ ತಳಕ್ಕೆ ಒಗೆದೆ.

ಕೂಗಿದ ಮೇಲೆ ಅಳು ಬಂತು. ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ಐವತ್ತರ ಬಾಯಾರು ಸೆರಗಿನಿಂದ ಮೂಗು ಒರೆಸುತ್ತ ಕುಳಿತದ್ದನ್ನು ನೋಡಿ ಕಡಲೆ ಮಾರುವವನು ಪುಕ್ಕಟೆ ಒಂದು ಪುಡಿಕೆ ಕೊಟ್ಟ. ತಿನ್ನುತ್ತ ಯೋಚಿಸಿದೆ. ಹೆಸರು ಇಡಬೇಕೆಂಬುದು ನನ್ನ ಹಟ. ಅವ್ವ ಎಂದೂ ಕೇಳಿದವಳಲ್ಲ. ಅವಳು ಕೇಳಿದ್ದು ಕೂಸಿನ ತಲೆ ಬರಿದಿರಬಾರದು ಎಂದಷ್ಟೆ. ರೈಲಿನ ಹೊತ್ತು ದಾಟುವ ತನಕ ಕಟ್ಟೆ ಬಿಟ್ಟು ಏಳಲಿಲ್ಲ.

ಸುತ್ತು ಬಸ್ಸು ಬಂತು. ಎಲ್ಲರೂ ಇಳಿದ ಮೇಲೆ ಒಬ್ಬಾಕೆ ಇಳಿದಳು. ಕಡ್ಡಿಯಂಥ ಮುದುಕಿ, ತಲೆಯ ಮೇಲೆ ಸೆರಗು, ಕೈತುಂಬ ಹಸಿರು ಬಳೆ, ಬಗಲಲ್ಲಿ ನಮ್ಮವ್ವನ ಜಮಖಾನ. ನಾನು ಓಡಿ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಕೂಸ ಎಲ್ಲಿ?" ಎಂದಳು.

"ಕೂಸು ಗುಡಗೇರ್ಯಾಗ ಐತ್ರಿ ಅಮ್ಮಾ. ಇವತ್ತ ತೊಟ್ಟಲಕ್ಕ ಹಾಕ್ತಾರ."

"ಯಾ ಅಲ್ಲಾ! ನಾ ಈ ಲಾಡಿ ನೋಡಿ, ಹಸೀ ಬಾಳಂತಿ ಬರ್ತಾಳ ಅಂತ ಎಲ್ಲಾರ ಜೋಡಿ ಜಗಳಾಡೀನಿ. ಒಬ್ಬ ನನಗ ಹುಚ್ಚಮುದುಕಿ ಅಂದ. ಅಂದ್ರ ಅನ್ಲಿ, ಕುಂದ್ರಗೊಡಲಿಲ್ಲ."

"ಕಂಡಕ್ಟರ್ ಕಡೆ ಕೊಟ್ಟು ಇಳೀಬೇಕಿಲ್ರಿ? ನಿಮ್ಮೂರು ಯಾವುದು?"

"ಮಗಳ ಮನಿಗೆ ಹೊಂಟಿದ್ದೆ. ಆ ಊರು ಯಾವಾಗೋ ಹೋತು. ಅವನ ಕಡೆ ಹೆಂಗ ಕೊಡ್ಲಿ ಬೇಟಿ? ಗಂಡಸು, ಟಿಕೆಟಿನ ಚೀಲದಾಗ ತುರುಕತಾನ." ಜಮಖಾನದ ಅಂಚನ್ನು ಬೆರಳಿನಿಂದ ಸವರಿದಳು. "ಇದು ನಮ್ಮ ನವಲಗುಂದದ ಮಗ್ಗದ್ದು. ನಾನೂ ನೇಯ್ದಾಕಿ, ನಲವತ್ತು ವರ್ಸ. ಈ ನವಲಿನ ಚಿತ್ರ ಕೂಡಸೂದು ಎಲ್ಲಾರಿಗೂ ಬರೂದಿಲ್ಲ."

ಮುಹೂರ್ತಕ್ಕೆ ಇನ್ನು ಅರ್ಧ ತಾಸಿತ್ತು. ಹಟ ಗಿಟ ಎಲ್ಲ ಸುಟ್ಟು ಹೋಗಲಿ, ಯುಗಾದಿಯೂ ಹೋಗಲಿ, ಕಾರಿನಲ್ಲಿ ಹೋದರೆ ಗುದ್ದು ಬೀಳುವ ಹೊತ್ತಿಗಾದರೂ ಮುಟ್ಟಬಹುದು ಎಂದು ಬಾಡಿಗೆ ಕಾರುಗಳ ಕಡೆ ಹೊರಟೆ. ಮುದುಕಿ ಬೆನ್ನು ಬಿಡಲಿಲ್ಲ.

"ನಾನೂ ಬರ್ತೀನಿ. ಇಷ್ಟ ದೂರ ಸೀಟ್ ಹಿಡದೀನಿ, ಕೂಸಿನ ಮಾರಿ ನೋಡದ ಹೋಗ್ಲೇನು? ಆದ್ರ ಕಾರ್ ಬ್ಯಾಡ ನೋಡು. ಕಾರಿನ್ಯಾಗ ಕುಂತರ ನನಗ ಹೊಟ್ಟಿ ತೊಳಸತೈತಿ, ಎಲ್ಲಾ ಕಕ್ಕೊಂತೀನಿ. ಬಸ್ಸಿಗೆ ಹೋಗೂಣು. ನಮಗೇನು, ಪುಕ್ಕಟೆ ಐತಿ."

ಅವಳ ಬಗಲಲ್ಲಿದ್ದ ಜಮಖಾನ ನೋಡಿದೆ, ಕಾರು ನೋಡಿದೆ. ಹೀಗೆ ನನ್ನ ಆಣೆ ಉಳಿದದ್ದು ನನ್ನ ಗಟ್ಟಿತನದಿಂದಲ್ಲ, ಆ ಮುದುಕಿಯ ಹೊಟ್ಟೆಯಿಂದ.

ಕುಂದಗೋಳದ ಮೇಲೆ ಹೋಗುವ ಬಸ್ಸು ಹಿಡಿದೆವು. ಹತ್ತಿದ ಕೂಡಲೇ ಅವಳ ಫೋನ್ ರಿಂಗಾಯಿತು. ಮಗಳು. ಇಡೀ ಬಸ್ಸಿಗೆ ಕೇಳುವಂತೆ ಮಾತು ನಡೆಯಿತು.

"ನಾ ತೊಟ್ಟಲಕ್ಕ ಹೊಂಟೀನಿ… ಗುಡಗೇರಿಗೆ… ಯಾರ ಮನ್ಯಾಗ? ತಡಿ, ಕೇಳಿ ಹೇಳ್ತೀನಿ." ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. "ನೀ ಯಾರ ಬೇಟಿ?"

ಅಷ್ಟು ದುಃಖದಲ್ಲೂ ನಕ್ಕುಬಿಟ್ಟೆ. ನಾನು ಯಾರು, ಅವ್ವ ಯಾರು, ಕುಲಾಯಿ ಯಾವಾಗ ಹೊಲಿದದ್ದು, ತಮ್ಮನ ಹೆಂಡತಿಯ ಜೊತೆ ಯಾಕೆ ಜಗಳ, ಎಲ್ಲ ಹೇಳಿದೆ. ಅವಳು ಕುಲಾಯಿಯನ್ನು ಹೊರಗೆ ತೆಗೆದು ಹೊಲಿಗೆ ನೋಡಿ, "ಸಣ್ಣ ಟಾಕಿ ಹಾಕ್ಯಾಳ. ಕಣ್ಣ ಚೊಲೋ ಇದ್ವು ನಿಮ್ಮವ್ವಂದು" ಅಂದಳು. ಹೊರಗೆ ಹತ್ತಿ, ಕುಸುಬೆ, ಮತ್ತೆ ಹತ್ತಿ. ಬಸ್ಸು ಕೈ ಮಾಡಿದಲ್ಲೆಲ್ಲ ನಿಂತಿತು. ಹನ್ನೆರಡೂವರೆ ಆದಾಗ ನಾವು ಇನ್ನೂ ಕುಂದಗೋಳವನ್ನೇ ದಾಟಿರಲಿಲ್ಲ. ಆ ಗಳಿಗೆಯಲ್ಲಿ ಯಾರದೋ ಬೆನ್ನಿಗೆ ನನ್ನ ಗುದ್ದು ಬೀಳುತ್ತಿದೆ ಎಂದು ಕಣ್ಣು ಮುಚ್ಚಿ ಕುಳಿತೆ.

ಗುಡಗೇರಿಯಲ್ಲಿ ಇಳಿದು ನಡೆದೆವು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು ನನಗಿಂತ ಹತ್ತು ಹೆಜ್ಜೆ ಮುಂದಿದ್ದಳು. ಬೀಗರ ಮನೆಯ ಅಂಗಳಕ್ಕೆ ಬಂದಾಗ ಎರಡು ದಾಟಿತ್ತು. ಪೆಂಡಾಲಿನ ಕೆಳಗೆ ಪಂಕ್ತಿ ಕುಳಿತಿತ್ತು. ಗೋಧಿ ಹುಗ್ಗಿಯ ವಾಸನೆ, ಮುಹೂರ್ತ ಹೇಳುವ ಅಯ್ಯನವರು ತೇಗುತ್ತ ಕೈ ತೊಳೆಯುತ್ತಿದ್ದರು. ಹೆಸರು ಕರೆದ ಮೇಲೆಯೇ ಊಟ, ಅದು ಎಲ್ಲರಿಗೂ ಗೊತ್ತು. ಮುಗಿಯಿತು ಅಂದುಕೊಂಡೆ. ತಮ್ಮ ಎದುರಿಗೆ ಬಂದು, "ಫೋನ್ ಯಾಕ್ ಬಂದ್ ಮಾಡಿದ್ಯಬೇ" ಎಂದು ಬೈದ. ಕುಲಾಯಿಯನ್ನಾದರೂ ತೊಡಿಸಿ ಹೋಗೋಣ ಎಂದು ಒಳಗೆ ನಡೆದೆ.

ತೊಟ್ಟಿಲಿಗೆ ಹೂವು ಸುತ್ತಿತ್ತು. ಒಳಗೆ ಕೂಸು ಮಲಗಿತ್ತು. ಬಾಜು ಮಣೆ ಖಾಲಿ. ಖಾಲಿ ಅಲ್ಲ, ಅದರ ಮೇಲೆ ನೀಟಾಗಿ ಮಡಚಿದ ಒಂದು ಟವಲ್ ಇತ್ತು.

ತಮ್ಮನ ಹೆಂಡತಿ ತೊಟ್ಟಿಲ ಹಿಂದೆ ಗೋಡೆಗೊರಗಿ ಕುಳಿತಿದ್ದಳು. ಮುಖ ಬಾಡಿತ್ತು. ಎದ್ದು ನಿಂತಳು.

"ನಿಮ್ಮ ಜಾಗಕ್ಕ ಟವಲ್ ಹಾಕೀನ್ರಿ ಅಕ್ಕಾರ" ಎಂದಳು. "ನಿಮ್ಮ ಕಾಕಾನ ಮಗಳು ಎರಡ ಸಲ ಕುಂದ್ರಾಕ ಬಂದ್ರು. ಎಬ್ಬಿಸಿ ಕಳಿಸಿದೆ."

"ಮುಹೂರ್ತ?"

"ಅಯ್ಯನೋರಿಗೆ ಮೊದಲ ಊಟಕ್ಕ ಹಾಕಿದ್ವಿ. ಎರಡನೇ ಸಲ ಹುಗ್ಗಿ ನೀಡಿದ ಮ್ಯಾಲೆ ಪಂಚಾಂಗ ತೆಗದು, ಮೂರರ ಮ್ಯಾಲ ಇನ್ನೂ ಚೊಲೋ ಘಳಿಗಿ ಐತಿ ಅಂದ್ರು." ತಲೆ ತಗ್ಗಿಸಿದಳು. "ನೀವು ಬರ್ಲಾರದ ಹೆಂಗ್ರಿ? ಏಳು ವರ್ಸ ಎಲ್ಲಾರೂ ನನಗ ಏನೇನೋ ಅಂದ್ರು. ನೀವೊಬ್ಬರ ಏನೂ ಅನಲಿಲ್ಲ. ಹೆಸರು ನಿಮಗ ಯಾವುದು ಬೇಕೋ ಅದನ್ನ ಕರೀರಿ."

ಅಳಬಾರದೆಂದು ಹಲ್ಲು ಕಚ್ಚಿದೆ. ಆಗಲಿಲ್ಲ. ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಫೋನ್ ಕುಕ್ಕಿದ್ದಕ್ಕೆ, ಇಷ್ಟು ದಿನ ಮನಸ್ಸಿನಲ್ಲೇ ಬೈದದ್ದಕ್ಕೆ, ಎಲ್ಲದಕ್ಕೂ ಸೇರಿಸಿ ಅತ್ತೆ. ಅವಳೂ ಅತ್ತಳು. ಕೂಸು ಎದ್ದು ನಮ್ಮಿಬ್ಬರಿಗಿಂತ ಜೋರಾಗಿ ಅತ್ತಿತು. ಕೂಸಿನ ದನಿ ಥೇಟ್ ಅಕ್ಕನದೇ ಎಂದು ತಮ್ಮ ಬಾಗಿಲಲ್ಲಿ ನಿಂತು ಹೇಳಿದ.

ಮೂರಕ್ಕೆ ಟವಲ್ ಎತ್ತಿ ಮಣೆಯ ಮೇಲೆ ಕುಳಿತೆ. ಯಾವ ಹೆಸರು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ, ಅದು ಕಿವಿಯಲ್ಲಿ ಹೇಳುವಂಥದ್ದು. ಆದರೆ ಕೂಸಿಗೆ ದೇವರು ಎರಡು ಕಿವಿ ಕೊಟ್ಟಿದ್ದಾನೆ. ಬಲಗಿವಿಯಲ್ಲಿ ಅದರವ್ವನ ಮನಸ್ಸಿನ ಹೆಸರು, ಎಡಗಿವಿಯಲ್ಲಿ ನಮ್ಮವ್ವನ ಹೆಸರು. ಎರಡು ಹೆಸರಾದ್ದರಿಂದ ಹೆಂಗಸರು ಎರಡು ಸಲ ಗುದ್ದಿದರು. ಕಾಕಾನ ಮಗಳು ಮಣೆ ತಪ್ಪಿದ ಸಿಟ್ಟೆಲ್ಲ ತೀರಿಸಿಕೊಂಡಳು. ಎಲ್ಲಕ್ಕಿಂತ ಗಟ್ಟಿ ಗುದ್ದು ಮಾತ್ರ ನಲವತ್ತು ವರ್ಷ ಜಮಖಾನ ನೇಯ್ದ ಕೈಯದು. ಎಂಟು ದಿನ ನನಗೆ ಅಂಗಾತ ಮಲಗಲಾಗಲಿಲ್ಲ.

ಕುಲಾಯಿ ತೊಡಿಸಿದೆವು. ಸ್ವಲ್ಪ ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ತಮ್ಮ ನಗಲಿಲ್ಲ. ಕೆಂಪು ಲಾಡಿಯನ್ನು ತಾನೇ ಕಟ್ಟಲು ಹೋಗಿ ಗಂಟು ಹಾಕಲು ಬಾರದೆ ಹೊರಗೆ ಎದ್ದು ಹೋದ.

ಮುದುಕಿ ತೊಟ್ಟಿಲ ಮೇಲೆ ಬಗ್ಗಿ, ಹಸಿರು ಬಳೆಯ ಕೈಯಿಂದ ಕೂಸಿನ ದೃಷ್ಟಿ ತೆಗೆದಳು. ಬೆಳಿಗ್ಗೆಯಿಂದ ಯಾರ ಕೈಗೂ ಕೊಡದ ಜಮಖಾನವನ್ನು ಬಗಲಿನಿಂದ ತೆಗೆದು ತೊಟ್ಟಿಲ ಕೆಳಗೆ ತಾನೇ ಹಾಸಿದಳು.

"ಬಂತು ನೋಡ್ ಬೇಟಿ" ಎಂದಳು. "ನಿಮ್ಮವ್ವ ಎಂಟು ವರ್ಸದ ಹಿಂದ ಟವಲ್ ಹಾಕಿಟ್ಟಿದ್ಲು. ಕೂಸ ಬಂದು ಕುಂತ್ಲು. ಇನ್ನ ನಾ ಸೀಟ ಬಿಡ್ತೀನಿ."